ಬಿಸಿಲಿಗಿಟ್ಟ ಶೆಲ್ಲು

ಕಲಬುರಗಿ ಆಕಾಶವಾಣಿ ಕೇಂದ್ರ ಶುರುವಾದದ್ದು 1966ರ ನವೆಂಬರಿನಲ್ಲಿ. ಅದರ ಚರಿತ್ರೆ ಹೇಳುವಾಗ ಕಲಾವಿದರು, ನಾಟಕಗಳು, ಕೃಷಿ ಕಾರ್ಯಕ್ರಮಗಳು ನೆನಪಾಗುತ್ತವೆ. ಕೇಳುಗರ ಮನೆಯ ಶೆಲ್ಲುಗಳು ನೆನಪಾಗುವುದಿಲ್ಲ. ಕರೆಂಟು ಮುಟ್ಟದ ಮನೆಗಳಲ್ಲಿ ಟ್ರಾನ್ಸಿಸ್ಟರ್ ಎಷ್ಟು ಹೊತ್ತು ಮಾತಾಡಬೇಕೆಂದು ತೀರ್ಮಾನಿಸುತ್ತಿದ್ದುದು ಅವೇ.

ನನ್ನ ಪಿಎಚ್.ಡಿ. ಅಧ್ಯಯನ ಈ ಭಾಗದ ರೇಡಿಯೊ ಕೇಳುಗರ ಬಗ್ಗೆ. ಶಹಾಬಜಾರದ ಹಿರಿಯರ ಜೊತೆ ಕೂತಾಗಲೆಲ್ಲ ಶೆಲ್ಲಿನ ಮಾತು ಬಂದೇ ಬರುತ್ತದೆ. ವಾರ್ತೆ ಮುಗಿದ ಕೂಡಲೇ ಬಂದ್ ಮಾಡುವುದು, ದನಿ ಸಣ್ಣಗಿಡುವುದು, ದಣಿದ ಶೆಲ್ಲನ್ನು ಮಾಳಿಗೆಯ ಮೇಲೆ ಬಿಸಿಲಿಗಿಡುವುದು. ಇವು ಕೇಳುವ ಕ್ರಮವೂ ಹೌದು, ಉಳಿತಾಯದ ಕ್ರಮವೂ ಹೌದು.

ಬಿಸಿಲಿಗಿಡುವುದು ಬರೀ ನಂಬಿಕೆಯಲ್ಲ. ಫ್ರಾನ್ಸಿನ ಲೆಕ್ಲಾಂಶೆ ಈ ಬಗೆಯ ಕೋಶವನ್ನು ರೂಪಿಸಿದ್ದು 1866ರಲ್ಲಿ. ಜರ್ಮನಿಯ ಗಾಸ್ನರ್ ಅದನ್ನು ಒಣ ಶೆಲ್ಲಾಗಿಸಿದ್ದು 1886ರ ಹೊತ್ತಿಗೆ. ಸತುವಿನ ಡಬ್ಬಿ, ನಡುವೆ ಇಂಗಾಲದ ಕಡ್ಡಿ, ಸುತ್ತ ಮ್ಯಾಂಗನೀಸ್ ಡೈಆಕ್ಸೈಡಿನ ಕಪ್ಪು ಪುಡಿ. ಒಂದೇ ಸಮನೆ ಬಳಸಿದರೆ ರಾಸಾಯನಿಕ ಕ್ರಿಯೆಯ ಉಳಿಕೆ ಒಳಗೆ ಗುಂಪುಗೂಡಿ ವಿದ್ಯುತ್ತಿಗೆ ಅಡ್ಡಬರುತ್ತದೆ. ವಿಶ್ರಾಂತಿ ಕೊಟ್ಟರೆ ಅದು ಹರಡಿಕೊಳ್ಳುತ್ತದೆ, ಬಿಸಿ ಆ ಕೆಲಸವನ್ನು ಚುರುಕುಗೊಳಿಸುತ್ತದೆ. ಶೆಲ್ಲು ಇನ್ನಷ್ಟು ಹೊತ್ತು ನಡೆಯುತ್ತದೆ. ಆದರೆ ಕರಗಿದ ಸತು ಮರಳಿ ಬರುವುದಿಲ್ಲ. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ನಮ್ಮೂರಿನಲ್ಲಿ ಹೊಸ ಶೆಲ್ಲುಗಳನ್ನು ಬಿಸಿಲು ಬೀಳುವ ಕಡೆ ಇಟ್ಟರೆ ಅವು ಬಳಸದೆಯೇ ಸವೆಯುತ್ತವೆ.

ನಾಲ್ಕರಲ್ಲಿ ಒಂದನ್ನೇ ಬದಲಿಸುವ ಉಳಿತಾಯ ಮಾತ್ರ ನಷ್ಟದ್ದು. ಸಾಲಾಗಿ ಜೋಡಿಸಿದ ಶೆಲ್ಲುಗಳಲ್ಲಿ ದುರ್ಬಲವಾದುದು ಉಳಿದವನ್ನೂ ಎಳೆಯುತ್ತದೆ, ಕೊನೆಗೆ ಸೋರಿ ತಗಡನ್ನೂ ತಿನ್ನುತ್ತದೆ.

ಹಳೆಯ ರೇಡಿಯೊದಲ್ಲಿ ಒಂದು ಖಾತ್ರಿ ಇತ್ತು. ಗುಂಡಿಯನ್ನು ‘ಟಕ್’ ಎಂದು ತಿರುಗಿಸಿದರೆ ವಿದ್ಯುತ್ತಿನ ದಾರಿಯೇ ಕಡಿಯುತ್ತಿತ್ತು. ಈಗಿನ ಆಟಿಕೆ, ತೂಕದ ಯಂತ್ರ, ರಿಮೋಟುಗಳಲ್ಲಿ ಬಹಳಷ್ಟು ಪೂರ್ತಿ ಬಂದ್ ಆಗುವುದೇ ಇಲ್ಲ. ಒಳಗಿನ ಚಿಪ್ಪು ನಮ್ಮ ಬೆರಳಿಗಾಗಿ ಕಾಯುತ್ತಿರುತ್ತದೆ. ಸರಿಯಿರುವ ಯಂತ್ರಕ್ಕೆ ಅದಕ್ಕಾಗಿ ಕೆಲವು ಮೈಕ್ರೊಆಂಪ್ ಸಾಕು. ಗುಂಡಿ ಸಿಕ್ಕಿಕೊಂಡು, ತೇವ ಹಿಡಿದು ಅದು ಒಂದು ಮಿಲಿಆಂಪ್‌ಗೆ ಏರಿತೆನ್ನಿ: ತಿಂಗಳಿಗೆ 720 ಮಿಲಿಆಂಪ್-ಗಂಟೆ. ಅಗ್ಗದ ಸಣ್ಣ ಶೆಲ್ಲು ಬಹುಪಾಲು ಮುಗಿಯಲು ಅಷ್ಟು ಸಾಕು.

ಅನುಮಾನ ಬಂದರೆ ಶೆಲ್ಲುಗಳನ್ನು ಹೊರತೆಗೆದು ವಾರ ಬಿಡಿ. ಹೊರಗೂ ಇಳಿದರೆ ದೋಷ ಶೆಲ್ಲಿನದು. ಹೊರಗೆ ತಡೆದು ಒಳಗೆ ಮಾತ್ರ ಇಳಿದರೆ ಯಂತ್ರದ್ದು. ರಿಪೇರಿಯವರು ಮೀಟರನ್ನು ಶೆಲ್ಲಿನ ಸಾಲಿನಲ್ಲಿ ಸೇರಿಸಿ, ‘ಬಂದ್’ ಆದ ಯಂತ್ರ ಎಷ್ಟು ಕುಡಿಯುತ್ತದೆಂದು ಕ್ಷಣದಲ್ಲಿ ಹೇಳುತ್ತಾರೆ.

ಮೀಟರ್ ಇಲ್ಲದ ಆ ಹಿರಿಯರಿಗೆ ಒಂದು ಜೋಡಿ ಶೆಲ್ಲು ಎಷ್ಟು ದಿನದ ವಾರ್ತೆ, ಎಷ್ಟು ನಾಟಕಕ್ಕೆ ಬರುತ್ತದೆಂಬ ಲೆಕ್ಕ ಬಾಯಿಪಾಠವಾಗಿತ್ತು. ಯಾವ ಕಡತದಲ್ಲೂ ಇಲ್ಲದ ಆ ಲೆಕ್ಕವನ್ನು ಅವರು ಇರುವಾಗಲೇ ಬರೆದುಕೊಳ್ಳಬೇಕು. ಕೇಂದ್ರ ಬಿತ್ತರಿಸಿದ್ದರಲ್ಲಿ ಜನ ಕೇಳಿದ್ದೆಷ್ಟು ಎಂಬುದಕ್ಕೆ ಅದಕ್ಕಿಂತ ಹತ್ತಿರದ ಸಾಕ್ಷಿ ನನಗೆ ಕಾಣುತ್ತಿಲ್ಲ.