ಟೀ ಕಮಾಂಡ್: ಒಂದು ಮಾಹಿತಿ, ಹಲವು ಕಮಾಂಡ್

ಟೀ ಎಂಬುದು ಯುನಿಕ್ಸ್ ಮತ್ತು ಲಿನಕ್ಸ್ ವ್ಯವಸ್ಥೆಗಳ ಪುಟ್ಟ ಕಮಾಂಡ್. ತನಗೆ ಬಂದ ಮಾಹಿತಿಯನ್ನು ಮುಂದಕ್ಕೆ ದಾಟಿಸುತ್ತಲೇ ಅದರ ಪ್ರತಿಯನ್ನು ಫೈಲಿಗೂ ಬರೆಯುತ್ತದೆ. ಒಂದೇ ಮಾಹಿತಿಯನ್ನು ಹಲವು ಕಮಾಂಡುಗಳಿಗೆ ಒದಗಿಸುವ ಸ್ಕ್ರಿಪ್ಟುಗಳ ಚರಿತ್ರೆ ಬಹುಮಟ್ಟಿಗೆ ಇದರ ಸುತ್ತಲೇ ಬೆಳೆದಿದೆ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಕೊಬ್ಬರಿ ಧಾರಣೆಯ ಪಟ್ಟಿಯನ್ನು ಪೈಪ್ (ಒಂದು ಕಮಾಂಡಿನ ಉತ್ತರವನ್ನು ಇನ್ನೊಂದಕ್ಕೆ ಉಣಿಸುವ ಕೊಂಡಿ) ಮೂಲಕ ಸ್ಕ್ರಿಪ್ಟಿಗೆ ಕೊಟ್ಟಿದ್ದಾರೆ ಎಂದುಕೊಳ್ಳೋಣ. ದರದ ಪ್ರಕಾರ ಸಾಲುಗಳನ್ನು ಜೋಡಿಸಲು ಸಾರ್ಟ್ ಕಮಾಂಡ್ ಬೇಕು. ಉಂಡೆ ಕೊಬ್ಬರಿಗೆ 2025ರ ಹಂಗಾಮಿಗೆಂದು ಕೇಂದ್ರ ಸರ್ಕಾರ ಗೊತ್ತುಮಾಡಿದ್ದ ಬೆಂಬಲ ಬೆಲೆ ಕ್ವಿಂಟಲಿಗೆ 12,100 ರೂಪಾಯಿ; ದರ ಅದಕ್ಕಿಂತ ಕೆಳಗಿಳಿದ ದಿನಗಳನ್ನು ಹೆಕ್ಕಲು ಆಕ್ ಕಮಾಂಡ್ ಬೇಕು. ಎರಡನ್ನೂ ಒಂದರ ಕೆಳಗೊಂದು ಬರೆದರೆ ಸಾರ್ಟ್ ಇಡೀ ಪಟ್ಟಿಯನ್ನು ಓದಿ ಮುಗಿಸುತ್ತದೆ, ಆಕ್ ಪಾಲಿಗೆ ಒಂದು ಸಾಲೂ ಉಳಿಯುವುದಿಲ್ಲ. ದೋಷದ ಸಂದೇಶವೂ ಬರುವುದಿಲ್ಲ. ಖಾಲಿ ಉತ್ತರವನ್ನು ನೋಡಿ ಬೆಲೆ ಕುಸಿದೇ ಇರಲಿಲ್ಲ ಎಂದು ನಂಬಿಬಿಡಬಹುದು. ಬೆಂಬಲ ಬೆಲೆಯ ಖರೀದಿಗಾಗಿ ಕೂಗೆಬ್ಬಿಸುವ ಬೆಳೆಗಾರರಿಗೆ ಅದು ಸಣ್ಣ ತಪ್ಪಲ್ಲ.

ಇದಕ್ಕೆ ಪರಿಹಾರವಾದ ಟೀಯ ಕಥೆ ಶುರುವಾಗುವುದು ಪೈಪಿನಿಂದ. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿದ್ದ ಡಗ್ಲಸ್ ಮ್ಯಾಕಿಲ್‌ರಾಯ್, ತೋಟದ ನೀರಿನ ಪೈಪುಗಳಂತೆ ಪ್ರೋಗ್ರಾಮುಗಳನ್ನೂ ಒಂದಕ್ಕೊಂದು ಜೋಡಿಸುವಂತಿರಬೇಕು ಎಂದು 1964ರ ಅಕ್ಟೋಬರಿನಲ್ಲಿ ಟಿಪ್ಪಣಿ ಬರೆದರು. 1973ರಲ್ಲಿ ಕೆನ್ ಥಾಂಪ್ಸನ್ ಯುನಿಕ್ಸಿಗೆ ಪೈಪ್ ಸೌಲಭ್ಯ ಸೇರಿಸಿದರು. ಮರುವರ್ಷ ಬಂದ 5ನೇ ಆವೃತ್ತಿಯಲ್ಲಿ ಟೀ ಕಾಣಿಸಿಕೊಂಡಿತು. ತೆಂಗಿನ ತೋಟಕ್ಕೆ ಹನಿ ನೀರಾವರಿ ಮಾಡಿಸಿದವರೆಲ್ಲ ಬಲ್ಲ ಟೀ ಜಾಯಿಂಟಿನದೇ ಹೆಸರು ಅದು.

ಆದರೆ ಮೂಲ ಟೀ ಕವಲೊಡೆಯುತ್ತಿದ್ದದ್ದು ಫೈಲುಗಳಿಗೆ. ಫೈಲ್ ಇರಬೇಕಾದ ಜಾಗದಲ್ಲಿ ಕಮಾಂಡನ್ನೇ ಬರೆಯುವ ಅನುಕೂಲವನ್ನು 1980ರ ದಶಕದಲ್ಲಿ ಡೇವಿಡ್ ಕಾರ್ನ್ ಅವರ ಕಾರ್ನ್ ಶೆಲ್ (ಕಮಾಂಡುಗಳನ್ನು ಓದಿ ನಡೆಸುವ ಪ್ರೋಗ್ರಾಮು) ತಂದಿತು. ಬ್ಯಾಶ್ ಎಂಬ ಇನ್ನೊಂದು ಶೆಲ್ ಅದನ್ನು ಮನೆಮಾತಾಗಿಸಿತು. ಹೀಗೆ ಟೀ ನಮ್ಮ ಪಟ್ಟಿಯ ಒಂದು ಪ್ರತಿಯನ್ನು ಕವಲಿನಲ್ಲಿ ಆಕ್‌ಗೆ ಕೊಟ್ಟು, ಇನ್ನೊಂದನ್ನು ಪೈಪ್ ಮೂಲಕ ಸಾರ್ಟ್‌ಗೆ ದಾಟಿಸಬಲ್ಲದು. ಜೋಯಿ ಹೆಸ್ ಒಟ್ಟುಗೂಡಿಸಿದ ಮೋರ್‌ಯುಟಿಲ್ಸ್ ಕಂತೆಯ ಪೀ ಎಂಬ ಕಮಾಂಡ್, ಒಂದೇ ಮಾಹಿತಿಯನ್ನು ಹಲವು ಕಮಾಂಡುಗಳಿಗೆ ಹಂಚುವ ಈ ಒಂದೇ ಕೆಲಸಕ್ಕೆಂದು ಹುಟ್ಟಿದ್ದು.

ಕನ್ನಡದ ಪಟ್ಟಿಗೂ ಟೀ ಒಗ್ಗುತ್ತದೆ. ಅದು ಅಕ್ಷರಗಳನ್ನು ಗುರುತಿಸಲು ಹೋಗದೆ ಬೈಟುಗಳನ್ನು ಇದ್ದಂತೆಯೇ ದಾಟಿಸುತ್ತದೆ. ಯುಟಿಎಫ್-8ರಲ್ಲಿ ‘ಕೊಬ್ಬರಿ’ ಎಂಬ ಪದ 7 ಸಂಕೇತಗಳು, ಒಂದೊಂದಕ್ಕೆ 3ರಂತೆ 21 ಬೈಟು. ಕವಲು ಎಷ್ಟಾದರೂ ಒಂದು ಒತ್ತಕ್ಷರವೂ ಕೆಡುವುದಿಲ್ಲ. ಆ ಸಂಕೇತ ಪದ್ಧತಿಯನ್ನು 1992ರಲ್ಲಿ ರಾಬ್ ಪೈಕ್ ಜೊತೆ ಸೇರಿ ರೂಪಿಸಿದವರೂ ಪೈಪ್ ತಂದ ಅದೇ ಥಾಂಪ್ಸನ್.

ತೊಡಕುಗಳೂ ಇವೆ. ಕವಲಿನ ಆಕ್ ಕೊಡುವ ಉತ್ತರಕ್ಕೆ ಬೇರೆ ಫೈಲ್ ತೋರಿಸದಿದ್ದರೆ ಅದು ಸಾರ್ಟ್‌ಗೆ ಹೋಗುವ ಪೈಪಿನಲ್ಲೇ ಸೇರಿಕೊಂಡು, ಬೆಲೆ ಕುಸಿದ ದಿನಗಳು ಪಟ್ಟಿಯಲ್ಲಿ ಎರಡೆರಡು ಸಲ ಬರುತ್ತವೆ. ಲಿನಕ್ಸಿನ ಪೈಪ್ ಸಾಮಾನ್ಯವಾಗಿ ಹಿಡಿಯುವುದು 65,536 ಬೈಟು. ಅದು ತುಂಬಿದರೆ, ನಿಧಾನವಾಗಿ ಓದುವ ಒಂದು ಕಮಾಂಡಿಗಾಗಿ ಉಳಿದವೂ ಕಾಯಬೇಕಾಗುತ್ತದೆ. ಮೊದಲ ಹತ್ತು ಸಾಲು ಓದಿ ಎದ್ದುಹೋಗುವ ಹೆಡ್‌ನಂಥ ಕಮಾಂಡ್ ಕವಲಿನಲ್ಲಿದ್ದರೆ, ಪಟ್ಟಿ ಉದ್ದವಿದ್ದಾಗ ಟೀ ನಡುವೆಯೇ ನಿಂತುಹೋಗಬಹುದು.

ಯುನಿಕ್ಸ್ ಮಾದರಿಯ ವ್ಯವಸ್ಥೆಗಳಿಗೆಲ್ಲ ಸಮಾನವಾದ ಪೋಸಿಕ್ಸ್ ಮಾನದಂಡದಲ್ಲಿ ಟೀ ಇದೆ, ಕಮಾಂಡಿಗೆ ಕವಲೊಡೆಯುವ ಬ್ಯಾಶ್ ಬರವಣಿಗೆ ಇಲ್ಲ. ಹಾಗಾಗಿ ಎಲ್ಲ ಯಂತ್ರಗಳಲ್ಲೂ ಓಡಬೇಕಾದ ಸ್ಕ್ರಿಪ್ಟಿನಲ್ಲಿ ಬಂದ ಪಟ್ಟಿಯನ್ನು ಮೊದಲು ತಾತ್ಕಾಲಿಕ ಫೈಲಿಗೆ ಇಳಿಸಿಕೊಂಡು, ಪ್ರತಿ ಕಮಾಂಡಿಗೂ ಅದನ್ನೇ ಕೊಡುವ ಹಳೆಯ ಕ್ರಮವೇ ಇಂದಿಗೂ ಹೆಚ್ಚು ನಂಬಿಕೆಗೆ ಅರ್ಹ.