ಮನೆ ಉಳಿಸಿದ ಗಡುವು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬುದು ನಮ್ಮ ಹಿರಿಯರ ಮಾತು. ಇವೆರಡನ್ನೂ ಮಾಡಿ ಮುಗಿಸಿದವರಿಗೆ ಮಾತ್ರ ಅವುಗಳ ಭಾರ ತಿಳಿದೀತು. ಇಂದಿನ ದಿನಗಳಲ್ಲಿ ಈ ಗಾದೆಗೆ ಇನ್ನೊಂದು ಮಾತನ್ನೂ ಸೇರಿಸಬೇಕಾಗಿದೆ: ಕಟ್ಟಿದ ಮನೆಯನ್ನು ಉಳಿಸಿಕೊಂಡು ನೋಡು. ನಮ್ಮಲ್ಲಿ ಅನೇಕರು ಇಂದು ಮನೆ ಕಟ್ಟುವುದು ಮುಂದೆ ಬರಲಿರುವ ಸಂಬಳದ ಭರವಸೆಯ ಮೇಲೆ. ಮನೆಯ ಪತ್ರಗಳು ಬ್ಯಾಂಕಿನ ಕಪಾಟಿನಲ್ಲಿರುತ್ತವೆ. ಹದಿನೈದು, ಇಪ್ಪತ್ತು ವರ್ಷಗಳ ಕಾಲ ತಿಂಗಳು ತಿಂಗಳಿಗೂ ಕಂತು ಕಟ್ಟುತ್ತಾ ಹೋಗಬೇಕು. ಇಡೀ ಮನೆ ನಿಂತಿರುವುದು ಉದ್ಯೋಗವೆಂಬ ಒಂದೇ ಕಂಬದ ಮೇಲೆ. ಆ ಕಂಬವೇ ಕುಸಿದಾಗ ಏನಾಗುತ್ತದೆ? ಸಾಲ ಕೊಟ್ಟವನು ತನ್ನ ಹಣವನ್ನು ಕೇಳುವುದು ನ್ಯಾಯವೇ. ಆದರೆ ತನ್ನ ತಪ್ಪಿಲ್ಲದೆ ಕೆಲಸ ಕಳೆದುಕೊಂಡ ಕುಟುಂಬವೊಂದು ಬೀದಿಗೆ ಬೀಳುವುದೂ ನ್ಯಾಯವೇ?

ಈ ಪ್ರಶ್ನೆಯನ್ನು ಅಮೆರಿಕ ದೇಶವು 1930ರ ದಶಕದಲ್ಲಿ ಬಹು ಕಠಿಣವಾಗಿ ಎದುರಿಸಬೇಕಾಯಿತು. ಆಗ ಅದು ಕಂಡುಕೊಂಡ ಉತ್ತರವೂ, ಮುಂದೆ ಅದೇ ಉತ್ತರವನ್ನು ಮರೆತಾಗ ಉಂಟಾದ ಪರಿಣಾಮವೂ ನಮ್ಮ ಕುಟುಂಬಗಳು ತಿಳಿದಿರಬೇಕಾದ ಸಂಗತಿಗಳು.

ಅಂದಿನ ಸಾಲದ ಸ್ವರೂಪ

1920ರ ದಶಕದಲ್ಲಿ ಅಮೆರಿಕದಲ್ಲಿ ಮನೆಯನ್ನು ಅಡವಿಟ್ಟು ಪಡೆಯುತ್ತಿದ್ದ ಸಾಲ ಇಂದಿನಂತೆ ದೀರ್ಘಾವಧಿಯದಾಗಿರಲಿಲ್ಲ. ಬಹುತೇಕ ಬ್ಯಾಂಕುಗಳು ಮನೆಯ ಬೆಲೆಯ ಅರ್ಧದಷ್ಟು ಹಣವನ್ನು ಮೂರರಿಂದ ಐದು ವರ್ಷಗಳಿಗೆ ಸಾಲ ಕೊಡುತ್ತಿದ್ದವು. ಆ ಅವಧಿಯಲ್ಲಿ ಸಾಲಗಾರ ಕಟ್ಟುತ್ತಿದ್ದುದು ಬಡ್ಡಿಯನ್ನು ಮಾತ್ರ. ಅವಧಿ ಮುಗಿದೊಡನೆ ಅಸಲನ್ನೆಲ್ಲ ಒಮ್ಮೆಗೇ ತೀರಿಸಬೇಕು, ಇಲ್ಲವೇ ಸಾಲವನ್ನು ನವೀಕರಿಸಿಕೊಳ್ಳಬೇಕು. ಕಾಲ ಚೆನ್ನಾಗಿದ್ದಾಗ ನವೀಕರಣ ಕಷ್ಟವಾಗುತ್ತಿರಲಿಲ್ಲ. ಹಾಗಾಗಿ ಈ ವ್ಯವಸ್ಥೆಯಲ್ಲಿದ್ದ ಅಪಾಯ ಯಾರ ಕಣ್ಣಿಗೂ ಬೀಳಲಿಲ್ಲ.

1929ರ ಅಕ್ಟೋಬರ್ ತಿಂಗಳಲ್ಲಿ ನ್ಯೂಯಾರ್ಕಿನ ಷೇರುಪೇಟೆ ಕುಸಿಯಿತು. ಅದರ ಬೆನ್ನಿಗೇ ಕಾರ್ಖಾನೆಗಳು ಮುಚ್ಚತೊಡಗಿದವು. 1933ರ ಹೊತ್ತಿಗೆ ಆ ದೇಶದ ದುಡಿಯುವ ಜನರಲ್ಲಿ ನಾಲ್ವರಲ್ಲಿ ಒಬ್ಬರಿಗೆ ಕೆಲಸವಿರಲಿಲ್ಲ. 1930ರಿಂದ 1933ರ ನಡುವೆ ಸುಮಾರು 9,000 ಬ್ಯಾಂಕುಗಳು ಬಾಗಿಲು ಹಾಕಿದವು. ಉಳಿದ ಬ್ಯಾಂಕುಗಳಲ್ಲಿ ಹಳೆಯ ಸಾಲವನ್ನು ನವೀಕರಿಸಲು ಹಣವಿರಲಿಲ್ಲ. ನೌಕರಿಯಿಲ್ಲದ ಸಾಲಗಾರನಲ್ಲಿ ಬಡ್ಡಿ ಕಟ್ಟಲೂ ಹಣವಿರಲಿಲ್ಲ. 1933ರ ಆರಂಭದಲ್ಲಿ ದಿನವೊಂದಕ್ಕೆ ಸುಮಾರು ಒಂದು ಸಾವಿರ ಮನೆಗಳು ಸಾಲದಾತರ ವಶವಾಗುತ್ತಿದ್ದವು.

ಸಾಲ ಕೊಟ್ಟವರೆಲ್ಲರೂ ಕಟುಕರಾಗಿದ್ದರೆಂದು ಭಾವಿಸುವುದು ಸರಿಯಲ್ಲ. ಮನೆಸಾಲ ನೀಡುತ್ತಿದ್ದ ಅನೇಕ ಸಂಘಗಳು ನಡೆಯುತ್ತಿದ್ದುದು ಸಾಮಾನ್ಯ ಸದಸ್ಯರ ಉಳಿತಾಯದ ಹಣದಿಂದ. ಸಾಲ ಮರಳಿ ಬಾರದಿದ್ದರೆ ಮುಳುಗುವುದು ಇನ್ನೊಬ್ಬ ಬಡವನ ಗಂಟು. ಆದರೆ ಜಪ್ತಿಯಿಂದಲೂ ಆ ಗಂಟು ಉಳಿಯುತ್ತಿರಲಿಲ್ಲ. ಹರಾಜಿಗೆ ಬಂದ ಮನೆಯನ್ನು ಕೊಳ್ಳುವವರಿರಲಿಲ್ಲ. ಒಂದೇ ಬೀದಿಯ ಹತ್ತು ಮನೆಗಳು ಹರಾಜಿಗೆ ಬಂದರೆ ಹನ್ನೊಂದನೆಯ ಮನೆಯ ಬೆಲೆಯೂ ನೆಲಕಚ್ಚುತ್ತಿತ್ತು. ಹೀಗೆ ಸಾಲಗಾರ ಮನೆಯನ್ನು ಕಳೆದುಕೊಂಡ. ಸಾಲದಾತ ಹಣವನ್ನು ಕಳೆದುಕೊಂಡ.

ಹರಾಜಿನ ಅಂಗಳದಲ್ಲಿ

ಈ ಸಂಕಟವು ಮೊದಲು ಸಿಟ್ಟಾಗಿ ಸಿಡಿದದ್ದು ಹಳ್ಳಿಗಳಲ್ಲಿ. ಅಯೋವಾ ಮೊದಲಾದ ಕೃಷಿಪ್ರಧಾನ ರಾಜ್ಯಗಳಲ್ಲಿ ರೈತನೊಬ್ಬನ ಸ್ವತ್ತು ಹರಾಜಿಗೆ ಬಂದಾಗ ಸುತ್ತಲಿನ ರೈತರೆಲ್ಲ ಅಂಗಳದಲ್ಲಿ ನೆರೆಯುತ್ತಿದ್ದರು. ಹಸುವಿಗೆ ಕೆಲವು ಪೆನ್ನಿ, ನೇಗಿಲಿಗೆ ಕೆಲವು ಪೆನ್ನಿ ಎಂದು ಅವರವರೇ ಕೂಗುತ್ತಿದ್ದರು. ಹೊರಗಿನವನಾರಾದರೂ ಹೆಚ್ಚಿನ ಬೆಲೆ ಕೂಗಲು ಬಂದರೆ ಅವನನ್ನು ಸುಮ್ಮನಾಗಿಸುತ್ತಿದ್ದರು. ಹೀಗೆ ಪುಡಿಗಾಸಿಗೆ ಕೊಂಡ ವಸ್ತುಗಳನ್ನೆಲ್ಲ ಕೊನೆಯಲ್ಲಿ ಅದೇ ರೈತನಿಗೆ ಮರಳಿಸುತ್ತಿದ್ದರು. ಇವುಗಳನ್ನು ಪೆನ್ನಿ ಹರಾಜುಗಳೆಂದು ಇತಿಹಾಸ ದಾಖಲಿಸಿದೆ. ನೆರೆಹೊರೆಯವರ ಈ ಒಗ್ಗಟ್ಟು ಮನಮುಟ್ಟುವಂಥದ್ದು. ಆದರೆ ಅದರೊಳಗೆ ಬೆದರಿಕೆಯೂ ಬೆರೆತಿತ್ತೆಂಬುದನ್ನು ಮರೆಯಲಾಗದು.

1933ರ ಏಪ್ರಿಲ್ 27ರಂದು ಆ ಬೆದರಿಕೆ ಎಲ್ಲೆ ಮೀರಿತು. ಅಯೋವಾದ ಲೆ ಮಾರ್ಸ್ ಪಟ್ಟಣದಲ್ಲಿ ರೈತರ ಗುಂಪೊಂದು ನ್ಯಾಯಾಲಯಕ್ಕೆ ನುಗ್ಗಿ ನ್ಯಾಯಾಧೀಶ ಚಾರ್ಲ್ಸ್ ಬ್ರ್ಯಾಡ್ಲಿಯವರನ್ನು ಊರಾಚೆಗೆ ಎಳೆದೊಯ್ದಿತು. ಕೊರಳಿಗೆ ಹಗ್ಗ ಹಾಕಿ, ಇನ್ನು ಮುಂದೆ ಜಪ್ತಿಯ ಆದೇಶಗಳಿಗೆ ಸಹಿ ಮಾಡುವುದಿಲ್ಲವೆಂದು ಪ್ರಮಾಣ ಮಾಡುವಂತೆ ಒತ್ತಾಯಿಸಿತು. ಅವರು ಒಪ್ಪಲಿಲ್ಲ. ಗುಂಪು ಅವರನ್ನು ಕೊಲ್ಲದೆ, ಅವಮಾನಿಸಿ ಬಿಟ್ಟುಹೋಯಿತು. ರಾಜ್ಯಪಾಲರು ಆ ಪ್ರದೇಶದಲ್ಲಿ ಸೈನಿಕ ಆಡಳಿತವನ್ನು ಘೋಷಿಸಬೇಕಾಯಿತು. ನೆಮ್ಮದಿಯಿಂದ ಬಾಳಿದ್ದ ಜನ ನ್ಯಾಯಾಧೀಶರ ಕೊರಳಿಗೆ ಹಗ್ಗ ಹಾಕುವ ಮಟ್ಟಕ್ಕೆ ಇಳಿದರೆಂದರೆ ಅವರ ಹತಾಶೆ ಎಷ್ಟಿದ್ದಿರಬೇಕು! ಆದರೆ ಹಗ್ಗದಿಂದ ಯಾವ ಮನೆಯೂ ಉಳಿಯಲಿಲ್ಲ. ಉಳಿಸಿದ್ದು ಬೇರೆಯೇ ಒಂದು ಉಪಾಯ.

ಮಿನ್ನಿಯಾಪೊಲಿಸ್ ನಗರದ ಒಂದು ಮನೆ

ಅಯೋವಾದ ನೆರೆಯ ರಾಜ್ಯ ಮಿನ್ನೆಸೋಟ. ಅಲ್ಲಿಯ ಮಿನ್ನಿಯಾಪೊಲಿಸ್ ನಗರದಲ್ಲಿ ಬ್ಲೈಸ್ಡೆಲ್ ದಂಪತಿಗೆ ಹದಿನಾಲ್ಕು ಕೋಣೆಗಳ ಒಂದು ಮನೆಯಿತ್ತು. ಅವರು ಮೂರು ಕೋಣೆಗಳಲ್ಲಿ ತಾವು ವಾಸಿಸಿ, ಉಳಿದವುಗಳನ್ನು ಬಾಡಿಗೆಗೆ ಬಿಡುತ್ತಿದ್ದರು. ಅವರಿಂದ ಸಾಲ ತೀರಿಸಲಾಗಲಿಲ್ಲ. 1932ರ ಮೇ 2ರಂದು ಮನೆ ಹರಾಜಾಯಿತು. ಸುಮಾರು 3,700 ಡಾಲರಿಗೆ ಅದನ್ನು ಕೂಗಿಕೊಂಡದ್ದು ಸಾಲ ಕೊಟ್ಟ ಸಂಘವೇ. ನ್ಯಾಯಾಲಯವು ಆ ಮನೆಗೆ ಕಟ್ಟಿದ ಬೆಲೆಯಾದರೋ 6,000 ಡಾಲರ್. ಹರಾಜಾದ ಮನೆಯನ್ನು ಹಣ ಕಟ್ಟಿ ಬಿಡಿಸಿಕೊಳ್ಳಲು ಅಲ್ಲಿಯ ಕಾನೂನಿನಲ್ಲಿ ಒಂದು ವರ್ಷದ ಅವಕಾಶವಿತ್ತು. ಆ ವರ್ಷ ಮುಗಿದರೆ ಮನೆಯೂ ಹೋಯಿತು, ಅದರಲ್ಲಿ ತೊಡಗಿಸಿದ್ದ ಸ್ವಂತ ಹಣವೂ ಹೋಯಿತು.

ಅವಧಿ ಮುಗಿಯಲು ಎರಡೇ ವಾರಗಳಿರುವಾಗ, 1933ರ ಏಪ್ರಿಲ್ 18ರಂದು, ಮಿನ್ನೆಸೋಟ ರಾಜ್ಯವು ಒಂದು ಕಾಯಿದೆಯನ್ನು ತಂದಿತು. ಅದರ ಪ್ರಕಾರ ಸಾಲಗಾರನು ನ್ಯಾಯಾಲಯಕ್ಕೆ ಅರ್ಜಿ ಹಾಕಿ ಮನೆ ಬಿಡಿಸಿಕೊಳ್ಳುವ ಗಡುವನ್ನು ವಿಸ್ತರಿಸಿಕೊಳ್ಳಬಹುದಿತ್ತು. ಆದರೆ 1935ರ ಮೇ 1ರ ಆಚೆಗೆ ಅಲ್ಲ. ಈ ಕಾಯಿದೆಯ ವಿವೇಕವಿರುವುದು ಅದರ ಮಿತಿಯಲ್ಲಿ. ಸಾಲವನ್ನು ಅದು ಮನ್ನಾ ಮಾಡಲಿಲ್ಲ. ಒಂದು ಡಾಲರನ್ನೂ ಕಡಿತಗೊಳಿಸಲಿಲ್ಲ. ಗಡುವು ಪಡೆದ ಕುಟುಂಬವು ಅಲ್ಲಿಯವರೆಗೆ ಮನೆಗೆ ತಕ್ಕ ಬಾಡಿಗೆಯಷ್ಟು ಹಣವನ್ನು ಕಟ್ಟಲೇಬೇಕಿತ್ತು. ಬ್ಲೈಸ್ಡೆಲ್ ದಂಪತಿಗೆ ನ್ಯಾಯಾಲಯ ಗೊತ್ತುಪಡಿಸಿದ್ದು ತಿಂಗಳಿಗೆ 40 ಡಾಲರ್. ಆ ಹಣ ತೆರಿಗೆಗೆ, ವಿಮೆಗೆ, ಬಡ್ಡಿಗೆ, ಸಾಲಕ್ಕೆ ಸಲ್ಲಬೇಕಿತ್ತು.

ಸಾಲದಾತ ಸಂಘವು ಇದನ್ನು ಒಪ್ಪದೆ ವ್ಯಾಜ್ಯವನ್ನು ಅಮೆರಿಕದ ಸರ್ವೋಚ್ಚ ನ್ಯಾಯಾಲಯದವರೆಗೆ ಕೊಂಡೊಯ್ದಿತು. ಯಾವ ರಾಜ್ಯವೂ ಕರಾರುಗಳ ಬಾಧ್ಯತೆಯನ್ನು ದುರ್ಬಲಗೊಳಿಸುವ ಕಾನೂನನ್ನು ಮಾಡಕೂಡದೆಂದು ಆ ದೇಶದ ಸಂವಿಧಾನ ಸ್ಪಷ್ಟವಾಗಿ ಹೇಳುತ್ತದೆ. 1934ರ ಜನವರಿ 8ರಂದು ಐವರು ನ್ಯಾಯಮೂರ್ತಿಗಳು ಕಾಯಿದೆಯ ಪರವಾಗಿಯೂ ನಾಲ್ವರು ವಿರುದ್ಧವಾಗಿಯೂ ತೀರ್ಪಿತ್ತರು. ವಿರೋಧಿಸಿದ ನ್ಯಾಯಮೂರ್ತಿ ಸದರ್‌ಲ್ಯಾಂಡ್ ಅವರ ವಾದ ಹಗುರವಾದದ್ದಲ್ಲ. ಸಂವಿಧಾನದ ಆ ವಿಧಿ ಹುಟ್ಟಿದ್ದೇ ಕಷ್ಟಕಾಲದಲ್ಲಿ ಸಾಲಗಾರರ ಪರವಾಗಿ ಕಾನೂನು ಮಾಡುವುದನ್ನು ತಡೆಯಲು. ಕಷ್ಟ ಬಂದಿತೆಂದು ಅದನ್ನೇ ಸಡಿಲಿಸುವುದು ಹೇಗೆ ಎಂದು ಅವರು ಕೇಳಿದರು. ಬಹುಮತದ ಪರವಾಗಿ ಬರೆದ ಮುಖ್ಯ ನ್ಯಾಯಮೂರ್ತಿ ಚಾರ್ಲ್ಸ್ ಇವಾನ್ಸ್ ಹ್ಯೂಸ್ ಅವರು, ಈ ಕಾಯಿದೆ ತಾತ್ಕಾಲಿಕವಾದುದು, ಸಾಲದಾತನಿಗೂ ಇದರಲ್ಲಿ ನ್ಯಾಯಯುತ ಪ್ರತಿಫಲವಿದೆ, ಸಾಲ ಪೂರ್ತಿಯಾಗಿ ಉಳಿದಿದೆ ಎಂಬುದನ್ನು ಎತ್ತಿ ತೋರಿದರು. ಆ ಹೊತ್ತಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳು ಇಂಥ ಪರಿಹಾರ ಕಾಯಿದೆಗಳನ್ನು ಮಾಡಿದವು.

ಕಂತಿನ ಹೊಸ ಲೆಕ್ಕ

ಗಡುವು ಸಮಯವನ್ನು ಕೊಟ್ಟೀತೇ ಹೊರತು ಹಣವನ್ನು ಕೊಡಲಾರದು. ಅಧ್ಯಕ್ಷ ರೂಸ್‌ವೆಲ್ಟ್ ಅವರ ಸರಕಾರವು 1933ರ ಜೂನ್ 13ರಂದು ಮನೆ ಮಾಲೀಕರ ಸಾಲ ನಿಗಮವನ್ನು ಸ್ಥಾಪಿಸಿ ಈ ಕೊರತೆಯನ್ನು ನೀಗಲು ಯತ್ನಿಸಿತು. ನಿಗಮವು ಸಾಲದಾತರಿಗೆ ತನ್ನ ಬಾಂಡುಗಳನ್ನು ಕೊಟ್ಟು ಕೈಕಚ್ಚುತ್ತಿದ್ದ ಹಳೆಯ ಸಾಲಗಳನ್ನು ತಾನೇ ಕೊಂಡುಕೊಂಡಿತು. ಬಳಿಕ ಅದೇ ಸಾಲವನ್ನು ಮನೆಯವರಿಗೆ ಶೇಕಡ 5ರ ಬಡ್ಡಿಯಲ್ಲಿ, 15 ವರ್ಷಗಳ ಅವಧಿಗೆ, ಅಸಲು ಮತ್ತು ಬಡ್ಡಿ ಎರಡೂ ಕೂಡಿದ ಸಮನಾದ ಮಾಸಿಕ ಕಂತುಗಳಾಗಿ ಹಂಚಿಕೊಟ್ಟಿತು. ಈ ಕಂತಿನ ಲೆಕ್ಕ ಕೆಲವು ಸಂಘಗಳಲ್ಲಿ ಮೊದಲೇ ಇತ್ತು; ದೇಶಕ್ಕೆಲ್ಲ ಅದು ರೂಢಿಯಾದದ್ದು ಈ ಕಾಲದಲ್ಲಿ.

1936ರ ವೇಳೆಗೆ ನಿಗಮವು ಸುಮಾರು 10 ಲಕ್ಷ ಕುಟುಂಬಗಳಿಗೆ 300 ಕೋಟಿ ಡಾಲರಿಗೂ ಮಿಕ್ಕಿ ಸಾಲ ನೀಡಿತ್ತು. ಎಲ್ಲ ಮನೆಗಳೂ ಉಳಿಯಲಿಲ್ಲ. ಸುಮಾರು 2 ಲಕ್ಷ ಮನೆಗಳನ್ನು ಕೊನೆಗೆ ನಿಗಮವೇ ವಶಪಡಿಸಿಕೊಳ್ಳಬೇಕಾಯಿತು. ಆದರೆ ಮುಳುಗಿಯೇ ಹೋದವೆಂದು ಎಣಿಸಿದ್ದ ಐದು ಕುಟುಂಬಗಳಲ್ಲಿ ನಾಲ್ಕು ದಡ ಸೇರಿದವು. 1951ರಲ್ಲಿ ನಿಗಮವನ್ನು ಮುಚ್ಚಿದಾಗ ನಷ್ಟದ ಬದಲು ಅಲ್ಪ ಲಾಭವೇ ಉಳಿದಿತ್ತು. ತಾಳ್ಮೆಯಿಂದ ವಸೂಲಿಯೂ ಕೆಡುವುದಿಲ್ಲವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಈ ಚಿತ್ರಕ್ಕೆ ಒಂದು ಕಪ್ಪು ಅಂಚೂ ಇದೆ. ಅದೇ ನಿಗಮವು 1930ರ ದಶಕದ ಉತ್ತರಾರ್ಧದಲ್ಲಿ ನಗರಗಳ ನಕ್ಷೆಗಳನ್ನು ತಯಾರಿಸಿತು. ಅವುಗಳಲ್ಲಿ ಕರಿಯ ಜನರು ವಾಸಿಸುವ ಬಡಾವಣೆಗಳಿಗೆ ಸಾಮಾನ್ಯವಾಗಿ ಕೆಂಪು ಬಣ್ಣ ಬಳಿದು, ಸಾಲ ನೀಡಲು ಅಪಾಯಕರವೆಂದು ಗುರುತಿಸಿತು. ನೆರವಿನ ಕೈ ಎಲ್ಲರ ಬಾಗಿಲನ್ನೂ ಸಮನಾಗಿ ತಟ್ಟಲಿಲ್ಲ.

ಮುಖವಿಲ್ಲದ ಸಾಲದಾತ

ಎಪ್ಪತ್ತೈದು ವರ್ಷಗಳ ನಂತರ ಅದೇ ದೇಶದಲ್ಲಿ ಅದೇ ಸಂಕಟ ಮರುಕಳಿಸಿತು. 2008ರಲ್ಲಿ ಹಣಕಾಸು ಸಂಸ್ಥೆಗಳು ಕುಸಿದವು. 2009ರ ಅಕ್ಟೋಬರಿನಲ್ಲಿ ನಿರುದ್ಯೋಗ ಶೇಕಡ 10ನ್ನು ಮುಟ್ಟಿತು. ಆದರೆ ಈ ಬಾರಿ ಒಂದು ವ್ಯತ್ಯಾಸವಿತ್ತು. ಬ್ಲೈಸ್ಡೆಲ್ ದಂಪತಿಗೆ ತಮ್ಮ ಸಾಲದಾತ ಯಾರೆಂಬುದು ತಿಳಿದಿತ್ತು. ಅವನೊಡನೆ ನ್ಯಾಯಾಲಯದಲ್ಲಿ ಎದುರುಬದುರಾಗಿ ನಿಲ್ಲಲು ಸಾಧ್ಯವಾಯಿತು. ಹೊಸ ಕಾಲದಲ್ಲಿ ಸಾವಿರಾರು ಮನೆಸಾಲಗಳನ್ನು ಒಟ್ಟುಗೂಡಿಸಿ, ಹೂಡಿಕೆಪತ್ರಗಳಾಗಿಸಿ ಜಗತ್ತಿನೆಲ್ಲೆಡೆ ಮಾರಲಾಗಿತ್ತು. ಕಂತು ವಸೂಲು ಮಾಡುವ ಸಂಸ್ಥೆ ಒಂದು, ಸಾಲದ ಒಡೆತನ ಇನ್ನೊಬ್ಬರದು. ಕೆಲಸ ಕಳೆದುಕೊಂಡವನು ಕಂತು ತಗ್ಗಿಸಿರೆಂದು ಒಂದು ವಿಭಾಗಕ್ಕೆ ಅರ್ಜಿ ಹಾಕಿ ಕಾಯುತ್ತಿರುವಾಗಲೇ, ಮತ್ತೊಂದು ವಿಭಾಗ ಅವನ ಮನೆಯನ್ನು ಹರಾಜಿಗಿಡುತ್ತಿತ್ತು. ಸಾಲದ ಕಡತಗಳನ್ನು ಓದದೆಯೇ ನೌಕರರು ಜಪ್ತಿಯ ಪ್ರಮಾಣಪತ್ರಗಳಿಗೆ ರಾಶಿರಾಶಿಯಾಗಿ ಸಹಿ ಹಾಕುತ್ತಿದ್ದರೆಂಬುದು 2010ರಲ್ಲಿ ಬಯಲಾಯಿತು. 2012ರ ಫೆಬ್ರವರಿಯಲ್ಲಿ ಐದು ದೊಡ್ಡ ಸಂಸ್ಥೆಗಳು ಇದಕ್ಕಾಗಿ ಸುಮಾರು 2,500 ಕೋಟಿ ಡಾಲರಿನ ಒಪ್ಪಂದಕ್ಕೆ ಬರಬೇಕಾಯಿತು. ಆದರೆ ಅಷ್ಟರಲ್ಲಿ ಲಕ್ಷಾಂತರ ಕುಟುಂಬಗಳು ಮನೆ ಬಿಟ್ಟು ಹೊರಟಿದ್ದವು.

ಸಾಲದಾತನೂ ಸಾಲಗಾರನೂ ಮುಖಾಮುಖಿಯಾಗುವುದರ ಮಹತ್ವ ಬಹು ಹಳೆಯದು. ಬರಗಾಲದಲ್ಲಿ ಧಾನ್ಯಕ್ಕಾಗಿ ಹೊಲ, ದ್ರಾಕ್ಷಿತೋಟ, ಮನೆಗಳನ್ನು ಒತ್ತೆಯಿಟ್ಟ ಜನರ ಗೋಳನ್ನು ಬೈಬಲಿನ ನೆಹೆಮೀಯನ ಗ್ರಂಥದ ಐದನೆಯ ಅಧ್ಯಾಯದಲ್ಲಿ ಓದುತ್ತೇವೆ. ನೆಹೆಮೀಯನು ಮಾಡಿದ್ದು ಸಾಲದಾತರನ್ನು ಸಭೆಗೆ ಕರೆಸಿ, ಅವರ ಸಹೋದರರ ಮುಂದೆಯೇ ನಿಲ್ಲಿಸಿ ಪ್ರಶ್ನಿಸಿದ್ದು. ಅವರಲ್ಲಿ ಉತ್ತರವಿರಲಿಲ್ಲ.

ನಮ್ಮ ಬಾಗಿಲಿಗೆ ಬಂದಾಗ

ಗಡುವು ನೀಡುವ ಈ ಉಪಾಯವನ್ನು ನಮ್ಮ ದೇಶವೂ ಕಂಡಿದೆ. ಕೊರೋನಾ ವ್ಯಾಧಿಯಿಂದ ದುಡಿಮೆ ನಿಂತಾಗ, 2020ರ ಮಾರ್ಚ್ 27ರಂದು, ಭಾರತೀಯ ರಿಸರ್ವ್ ಬ್ಯಾಂಕು ಸಾಲದ ಕಂತುಗಳನ್ನು ಮೂರು ತಿಂಗಳು ಮುಂದೂಡಲು ಬ್ಯಾಂಕುಗಳಿಗೆ ಅನುಮತಿ ನೀಡಿತು. ಬಳಿಕ ಅದನ್ನು ಆಗಸ್ಟ್ ಅಂತ್ಯದವರೆಗೆ ವಿಸ್ತರಿಸಿತು. ಆದರೆ ಒಬ್ಬನ ನೌಕರಿ ಮಾತ್ರ ಹೋದಾಗ ಇಂಥ ಘೋಷಣೆ ಬರುವುದಿಲ್ಲ. ಆಗ ಗಡುವನ್ನು ಅವನೇ ಕೇಳಿ ಪಡೆಯಬೇಕು.

ಕೇಳಲು ಅಡ್ಡಿಯಾಗುವುದು ನಾಚಿಕೆ. ಕೆಲಸ ಹೋದದ್ದನ್ನು ಹೆಂಡತಿಗೂ ಹೇಳದೆ, ಬ್ಯಾಂಕಿನ ಪತ್ರವನ್ನು ಒಡೆಯದೆ ಮೇಜಿನೊಳಗೆ ತಳ್ಳುವವರಿದ್ದಾರೆ. ನಮ್ಮಲ್ಲಿ ಮೂರು ತಿಂಗಳು ಕಂತು ತಪ್ಪಿದರೆ ಸಾಲ ವಸೂಲಾಗದ ಪಟ್ಟಿಗೆ ಸೇರುತ್ತದೆ. ಬಳಿಕ 2002ರ ಕಾಯಿದೆಯಂತೆ 60 ದಿನಗಳ ನೋಟೀಸು ಬರುತ್ತದೆ. ಆ ನೋಟೀಸಿಗೆ ಆಕ್ಷೇಪಣೆ ಬರೆದು ಸಲ್ಲಿಸುವ ಹಕ್ಕು ಸಾಲಗಾರನಿಗಿದೆ. ಅದಕ್ಕೆ ಉತ್ತರಿಸುವ ಹೊಣೆ ಸಾಲದಾತನದು. ಆದರೆ ಎಲ್ಲಕ್ಕಿಂತ ಒಳ್ಳೆಯ ದಿನವೆಂದರೆ ಮೊದಲ ಕಂತು ತಪ್ಪುವುದಕ್ಕೂ ಮುಂಚಿನ ದಿನ. ಅಂದೇ ಬ್ಯಾಂಕಿಗೆ ಹೋಗಿ, ಇದ್ದ ಸ್ಥಿತಿಯನ್ನು ಹೇಳಿ, ಅವಧಿಯನ್ನು ಹೆಚ್ಚಿಸಲು ಲಿಖಿತವಾಗಿ ಕೇಳುವುದು ಲೇಸು. ಒಂಟಿಯಾಗಿ ಹೋಗಲು ಅಳುಕಿದರೆ ಜೊತೆಗೆ ಹೋಗಬಲ್ಲ ಅಣ್ಣನೋ ನೆರೆಯವನೋ ಇರಬೇಕು. ಪೆನ್ನಿ ಹರಾಜಿನ ಅಂಗಳದಲ್ಲಿ ನೆರೆದವರಲ್ಲಿದ್ದ ಒಳ್ಳೆಯತನ ಅಷ್ಟೇ. ಅದಕ್ಕೆ ಹಗ್ಗ ಬೇಕಾಗಿಲ್ಲ.

ಬ್ಲೈಸ್ಡೆಲ್ ದಂಪತಿ ಬೇಡಿದ್ದು ಬಿಟ್ಟಿಯಾಗಿ ಮನೆಯನ್ನಲ್ಲ. ಹನ್ನೊಂದು ಕೋಣೆಗಳನ್ನು ಬಾಡಿಗೆಗೆಂದು ಬಿಟ್ಟು, ಮೂರು ಕೋಣೆಗಳಲ್ಲಿ ಬಾಳುತ್ತಿದ್ದವರು ತಿಂಗಳಿಗೆ 40 ಡಾಲರ್ ಕಟ್ಟುವ ಕರಾರಿಗೆ ಒಳಪಟ್ಟು ಎರಡು ವರ್ಷಗಳ ಕಾಲಾವಕಾಶ ಪಡೆದರು. ಕಷ್ಟದಲ್ಲಿರುವವನಿಗೆ ಎಷ್ಟೋ ವೇಳೆ ಬೇಕಾಗಿರುವುದು ಅಷ್ಟೇ. ಅದನ್ನು ಕೇಳುವ ಧೈರ್ಯ ಸಾಲಗಾರನಿಗೂ, ಕೊಡುವ ತಾಳ್ಮೆ ಸಾಲದಾತನಿಗೂ ಇದ್ದರೆ ಮನೆಯೂ ಉಳಿದೀತು, ಸಾಲವೂ ತೀರೀತು.