ಚಿತ್ರ ಮರೆತರೂ ಓಡುವ ಬಂಡಿ

ವಿಜಯಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ತಿರುಗುವ ತೊಟ್ಟಿಲನ್ನೇರುವವರಿಗೆ ಕಥೆ ಬೇಕಿಲ್ಲ, ಎತ್ತರವೇ ಸಾಕು. ಹಾಗಾದರೆ ಥೀಮ್ ಪಾರ್ಕಿನ ರೋಲರ್ ಕೋಸ್ಟರಿಗೆ ಸಿನಿಮಾದ ಹಂಗೇಕೆ?

ಇದನ್ನರಿಯಲು ಕ್ಯಾಲಿಫೋರ್ನಿಯಾದತ್ತ ನೋಡಬೇಕು. ಚಿತ್ರ ನಿರ್ಮಾಪಕ ವಾಲ್ಟ್ ಡಿಸ್ನಿ 1955ರಲ್ಲಿ ಅಲ್ಲಿ ಡಿಸ್ನಿಲ್ಯಾಂಡ್ ತೆರೆದರು. ಅವರ ಸಂಸ್ಥೆ 'ಥರ್ಡ್ ಮ್ಯಾನ್ ಆನ್ ದಿ ಮೌಂಟನ್' ಎಂಬ ಪರ್ವತಾರೋಹಣದ ಚಿತ್ರವನ್ನು ಸ್ವಿಟ್ಜರ್ಲೆಂಡಿನಲ್ಲಿ ತಯಾರಿಸಿದಾಗ ಮ್ಯಾಟರ್‌ಹಾರ್ನ್ ಶಿಖರ ಡಿಸ್ನಿಯವರ ಮನಸ್ಸಿನಲ್ಲಿ ನಿಂತುಬಿಟ್ಟಿತು. 1959ರಲ್ಲಿ ಪಾರ್ಕಿನಲ್ಲೇ ಅದರ ಪ್ರತಿರೂಪ ಎದ್ದಿತು. ಅದರೊಳಗೆ ಹಿಮಬಂಡಿಗಳು ಓಡಿದವು. ಉಕ್ಕಿನ ಕೊಳವೆಯ ಹಳಿ ಬಳಸಿದ ಮೊದಲ ಕೋಸ್ಟರ್ ಅದು. ಕೊಳವೆಯನ್ನು ಬೇಕಾದಂತೆ ಬಾಗಿಸಬಹುದಾದ್ದರಿಂದ ಬೆಟ್ಟದ ಹೊಟ್ಟೆಯಲ್ಲೂ ಇಕ್ಕಟ್ಟಿನ ತಿರುವುಗಳು ಸಾಧ್ಯವಾದವು. ಆ ಚಿತ್ರವನ್ನು ಇಂದು ನೆನೆಯುವವರು ವಿರಳ. ಬೆಟ್ಟದ ಓಟ ಮಾತ್ರ ಉಳಿದಿದೆ.

ಅಂದರೆ ಆರಿಸಬೇಕಾದದ್ದು ಗಲ್ಲಾಪೆಟ್ಟಿಗೆ ಗೆದ್ದ ಚಿತ್ರವನ್ನಲ್ಲ, ಓಟಕ್ಕೆ ಒಪ್ಪುವ ಚಿತ್ರವನ್ನು. ಬಿಡದಿ ಬಳಿ 2005ರಲ್ಲಿ ವಂಡರ್‌ಲಾ ಬಂದ ಮೇಲೆ ಇಂಥ ಆಟ ನಮಗೂ ಹೊಸದಲ್ಲ. ಶಂಕರ್‌ನಾಗ್ ನಿರ್ದೇಶನದ 'ಮಿಂಚಿನ ಓಟ' (1980) ಇದಕ್ಕೆ ತಕ್ಕದ್ದು: ಕಾರುಗಳ್ಳರು, ಜೈಲಿನ ಗೋಡೆ, ಕತ್ತಲಲ್ಲಿ ಪಲಾಯನ. ಆದರೆ ಆ ಚಿತ್ರವನ್ನು ನೋಡಿರದ ಅಗರಖೇಡದ ಹುಡುಗನಿಗೂ ಮೊದಲ ಇಳಿಜಾರಿನಲ್ಲೇ ಕಥೆ ತಿಳಿಯಬೇಕು. ಇಲ್ಲವಾದರೆ ಹೆಸರು ಬರೀ ಫಲಕ.